ಹೋಯಿ ಆನ್‌ನ ಮಾತಿಲ್ಲದ ಟೀ ಅಂಗಡಿ: ಅತ್ತೆ ಕೊಟ್ಟ ದುಡ್ಡು ವಾಪಸ್ ಬಂತು, ನಾವು ಮಾಡಿದ್ದು ತಪ್ಪಾ?

ಶರಾವತಿ ತೀರ:
ಎಲ್ಲರಿಗೂ ನಮಸ್ಕಾರ. ನಾವೀಗ ವಿಯೆಟ್ನಾಂ ಪ್ರವಾಸದಲ್ಲಿದ್ದೇವೆ. ನಾನು, ನಮ್ಮವರು, ಒಂಬತ್ತು ವರ್ಷದ ಮಗಳು, ಜೊತೆಗೆ ಅತ್ತೆ. ನಿನ್ನೆ ನಡೆದ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋಯಿ ಆನ್ ಹಳೇ ಪೇಟೆಯ ಟ್ರಾನ್ ಫು ಬೀದಿಯಲ್ಲಿ ರೀಚಿಂಗ್ ಔಟ್ ಅನ್ನುವ ಟೀ ಅಂಗಡಿ ಇದೆ. ಬಡಿಸುವವರಿಗೆ ಕಿವಿ ಕೇಳುವುದಿಲ್ಲ. ಒಳಗೆ ಹೋದರೆ ನಮ್ಮ ದನಿಯೂ ತಾನಾಗಿಯೇ ಇಳಿಯುತ್ತದೆ. ಮೇಜಿನ ಮೇಲೆ ಒಂದು ಚೀಟಿ, ಒಂದು ಪೆನ್ಸಿಲ್. ಬೇಕಾದ್ದಕ್ಕೆ ಗುರುತು ಹಾಕಿ ಕೊಡಬೇಕು. ಪಕ್ಕದಲ್ಲಿ ಬೆರಳುದ್ದದ ಮರದ ತುಂಡುಗಳು. ಒಂದರ ಮೇಲೆ ಬಿಸಿನೀರು, ಇನ್ನೊಂದರ ಮೇಲೆ ಐಸ್, ಮತ್ತೊಂದರ ಮೇಲೆ ಬಿಲ್, ಹೀಗೆ ಇಂಗ್ಲಿಷಿನಲ್ಲಿ ಬರೆದಿದೆ. ಬೇಕಾದ ತುಂಡು ಎತ್ತಿ ತೋರಿಸಿದರೆ ಸಾಕು. ಮಗಳು ಬಿಸಿನೀರಿನ ತುಂಡನ್ನು ಮೂರು ಸಲ ಎತ್ತಿದಳು. ಬಡಿಸುತ್ತಿದ್ದ ಹುಡುಗಿ ಮೂರು ಸಲವೂ ನಗುತ್ತಾ ಕೆಟಲ್ ತಂದಳು.

ಅತ್ತೆ ಮಾತ್ರ ಕೂತಾಗಿನಿಂದ "ಪಾಪ, ಎಷ್ಟು ಚಂದದ ಹುಡುಗಿ, ಪಾಪ" ಅಂತ ಹೇಳುತ್ತಲೇ ಇದ್ದರು. ಅವರು ಮೂವತ್ತಮೂರು ವರ್ಷ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು, ಮನಸ್ಸು ತುಂಬಾ ಮೃದು. ಹೊರಡುವಾಗ 5 ಲಕ್ಷ ಡಾಂಗ್ ನೋಟು ತೆಗೆದು ಆ ಹುಡುಗಿಯ ಕೈಯಲ್ಲಿ ಮಡಚಿ ಇಟ್ಟರು. ನಮ್ಮ ದುಡ್ಡಿನಲ್ಲಿ ಸುಮಾರು ಸಾವಿರದ ಏಳುನೂರು. ಅವಳು ತಲೆ ಅಲ್ಲಾಡಿಸಿದಳು. ಅತ್ತೆ ಮತ್ತೆ ಒತ್ತಿದರು. ಅವಳು ನೋಟನ್ನು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ವಾಪಸ್ ಕೊಟ್ಟಳು. ಆಮೇಲೆ ಪಿಂಗಾಣಿ ಕಪ್ಪು, ಟೀ ಪೊಟ್ಟಣ ಇಟ್ಟಿದ್ದ ಕಪಾಟಿನ ಕಡೆ ಕೈ ತೋರಿಸಿದಳು. ಕೊಡುವುದಿದ್ದರೆ ಅದನ್ನು ಕೊಂಡುಕೊಳ್ಳಿ ಅನ್ನುವ ಹಾಗೆ.

ಅತ್ತೆಗೆ ತುಂಬಾ ನೋವಾಗಿದೆ. "ಪ್ರೀತಿಯಿಂದ ಕೊಟ್ಟಿದ್ದು, ಬೇಡ ಅಂದುಬಿಟ್ಟಳಲ್ಲ" ಅಂತ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ನಾವು ತಪ್ಪು ಮಾಡಿದೆವಾ? ಇಂಥ ಕಡೆ ಹೇಗೆ ನಡೆದುಕೊಳ್ಳಬೇಕು? ಮುಂದೆ ಹುವೆ, ಹನೋಯಿ ಹೋಗುತ್ತಿದ್ದೇವೆ. ಅಲ್ಲಿ ಇಂಥ ಕೆಫೆ, ಬೇಕರಿ ಗೊತ್ತಿದ್ದರೆ ಹೇಳಿ. ನಾವು ಸಸ್ಯಾಹಾರಿಗಳು, ಅತ್ತೆ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಬೆಣ್ಣೆದೋಸೆ:
ತಪ್ಪೇನಿಲ್ಲ ಬಿಡಿ ಅಕ್ಕಾ. ದೊಡ್ಡವರು ಪ್ರೀತಿಯಿಂದ ಕೊಟ್ಟಿದ್ದು. ಆ ಹುಡುಗಿಯದೂ ತಪ್ಪಲ್ಲ.

ನೇರಮಾತು:
ನನಗೆ ಇಂಥ ಜಾಗಗಳ ಬಗ್ಗೆ ಮೊದಲಿನಿಂದಲೂ ಅನುಮಾನ. ಪಕ್ಕದ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವ ಟೀಗೆ ಇಲ್ಲಿ ಡಬಲ್ ಕೊಡಬೇಕು. ಕನಿಕರ ತೋರಿಸಿ ವ್ಯಾಪಾರ ಮಾಡುವುದು ಸರಿಯಾ? ಆ ದುಡ್ಡಿನಲ್ಲಿ ಕೆಲಸದವರಿಗೆ ಎಷ್ಟು ಹೋಗುತ್ತೆ ಅಂತ ಯಾರಾದರೂ ಕೇಳಿದ್ದೀರಾ?

ಶರಾವತಿ ತೀರ:
@ನೇರಮಾತು ಸರ್, ಅಲ್ಲಿ ಕನಿಕರ ತೋರಿಸಿದ್ದು ನಾವು, ಅವರಲ್ಲ. ಗೋಡೆಯ ಮೇಲೆ ದಾನ ಕೊಡಿ ಅನ್ನುವ ಬೋರ್ಡ್ ಕೂಡ ನನ್ನ ಕಣ್ಣಿಗೆ ಬೀಳಲಿಲ್ಲ. ಬೆಲೆ ಜಾಸ್ತಿ ನಿಜ. ಆದರೆ ಟೀ ಚೆನ್ನಾಗಿತ್ತು, ಜೊತೆಗೆ ಕೊಟ್ಟ ಬಿಸ್ಕತ್ ಕೂಡ.

ಮೌನಮಾತು:
ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಾವು ಮೈಸೂರಿನವರು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಅಮ್ಮ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಬಸ್ಸಿನಲ್ಲಿ ದಿನಾ ಯಾರಾದರೂ ಒಬ್ಬರು "ಪಾಪ" ಅನ್ನುತ್ತಿದ್ದರು.

ಪಾಪ ಅನ್ನುವ ಮಾತು ನನ್ನ ತಂಗಿಗೆ ಕೇಳುವುದಿಲ್ಲ. ಆದರೆ ಆ ಮಾತು ಆಡುವಾಗ ನಮ್ಮ ಮುಖ ಹೇಗಾಗುತ್ತೆ ಅಂತ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವಳು ಮುಖ ನೋಡಿಯೇ ಬೆಳೆದವಳು. ಹುಬ್ಬು ಎಷ್ಟು ಏರಿತು, ತುಟಿ ಎತ್ತ ತಿರುಗಿತು, ಎಲ್ಲ ಓದುತ್ತಾಳೆ. ಆ ಟೀ ಅಂಗಡಿಯ ಹುಡುಗಿಯೂ ನಿಮ್ಮ ಅತ್ತೆಯ ಮುಖ ಓದಿರುತ್ತಾಳೆ ಮೇಡಂ. ಅವಳಿಗೆ ಬೇಜಾರಾಗಿರಬೇಕು ಅಂತ ನಾನು ಹೇಳುತ್ತಿಲ್ಲ. ಅವಳು ಎರಡೂ ಕೈಯಲ್ಲಿ ವಾಪಸ್ ಕೊಟ್ಟಳು ಅಂದಿರಲ್ಲ, ಅದು ಮರ್ಯಾದೆಯ ರೀತಿ. ಅಲ್ಲಿನ ಜನ ದೊಡ್ಡವರಿಗೆ ಏನು ಕೊಟ್ಟರೂ ಎರಡು ಕೈಯಲ್ಲಿ ಕೊಡುತ್ತಾರೆ. ಅತ್ತೆಗೆ ಇದನ್ನು ಹೇಳಿ.

ನಡೆದುಕೊಳ್ಳುವುದು ಹೇಗೆ ಅಂತ ಕೇಳಿದಿರಿ. ಕರೆಯುವಾಗ ಹಿಂದಿನಿಂದ ಬೆನ್ನು ಮುಟ್ಟಬೇಡಿ, ಬೆಚ್ಚಿ ಬೀಳುತ್ತಾರೆ. ಅವರ ಕಣ್ಣಿಗೆ ಕಾಣುವ ಹಾಗೆ ಕೈ ಆಡಿಸಿ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಡಿ. ಜೋರಾಗಿ ಕೂಗಿ ಪ್ರಯೋಜನವಿಲ್ಲ. ಮುಖ ನೋಡಿ ನಗಿ. ಅಷ್ಟೇ.

ಪುಟ್ಟ ಪ್ರವಾಸಿ:
ಮೂಗರು ನಡೆಸುವ ಇಂಥದ್ದೇ ಹೋಟೆಲ್ ನಾನು ಕಠ್ಮಂಡುವಿನಲ್ಲಿ ನೋಡಿದ್ದೆ. ಬೇಕರಿ ಕೆಫೆ ಅಂತ ಹೆಸರು. ಆರ್ಡರ್ ತಗೊಳ್ಳುವವರಿಗೆ ಕಿವಿ ಕೇಳಲ್ಲ, ಮೆನು ಮೇಲೆ ಬೆರಳು ಇಟ್ಟು ತೋರಿಸಬೇಕು. ಮೋಮೋ ಸೂಪರ್.

ಮೌನಮಾತು:
@ಪುಟ್ಟ ಪ್ರವಾಸಿ ದಯವಿಟ್ಟು ಮೂಗರು ಅನ್ನಬೇಡಿ. ಬಹಳಷ್ಟು ಜನರಿಗೆ ದನಿ ಇರುತ್ತದೆ, ನನ್ನ ತಂಗಿ ನಕ್ಕರೆ ಬೀದಿಗೆ ಕೇಳುತ್ತೆ. ಅವರ ಭಾಷೆ ಕೈಯಲ್ಲಿದೆ ಅಷ್ಟೇ.

ಪುಟ್ಟ ಪ್ರವಾಸಿ:
ಸಾರಿ ಮೇಡಂ, ಗೊತ್ತಿರಲಿಲ್ಲ. ಹಾಗಾದರೆ ಏನನ್ನಬೇಕು? ಶ್ರವಣದೋಷ ಅಂತ ಪೇಪರಿನಲ್ಲಿ ಬರೆಯುತ್ತಾರಲ್ವಾ?

ಮೌನಮಾತು:
ಅದರಲ್ಲೂ ದೋಷ ಅಂತಲೇ ಇದೆ, ನೋಡಿ. ಕಿವಿ ಕೇಳದವರು ಅಂದರೆ ಸಾಕು. ನನ್ನ ತಂಗಿ ತನ್ನನ್ನು ಕಿವುಡಿ ಅಂತಲೇ ಬರೆದುಕೊಳ್ಳುತ್ತಾಳೆ, ಅವಳಿಗೆ ಅದರಲ್ಲಿ ನಾಚಿಕೆ ಇಲ್ಲ. ಬೈಗುಳದ ಹಾಗೆ ಬಳಸಿದರೆ ಮಾತ್ರ ಕೋಪ ಬರುತ್ತೆ.

ಹಾಸನದ ಬೇಕರಿ:
ನನ್ನದು ಬೇಕರಿ ಕಸುಬು. ಅಪ್ಪನ ಕಾಲದಿಂದಲೂ ಇದೇ. ಆರು ವರ್ಷದ ಹಿಂದೆ ಕಿವಿ ಕೇಳದ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡೆ. ಊರಿನ ಮೇಷ್ಟ್ರು ಹೇಳಿದರು ಅಂತ.

ಮೊದಲ ಎರಡು ತಿಂಗಳು ನಾನೊಂದು ತಪ್ಪು ಮಾಡಿದೆ. ಅವನಿಗೆ ಬರೀ ಟ್ರೇ ತೊಳೆಯುವ ಕೆಲಸ ಕೊಟ್ಟೆ. ಒವನ್ ಹತ್ತಿರ ಬಿಡಲು ನನಗೇ ಭಯ. ಒಂದು ದಿನ ಒವನ್ ನೋಡುತ್ತಿದ್ದ ಹುಡುಗ ಫೋನಿನಲ್ಲಿ ಮುಳುಗಿದ್ದ. ಟೈಮರ್ ಕೂಗಿ ನಿಂತಿತ್ತು. ಟ್ರೇ ತೊಳೆಯುತ್ತಿದ್ದವನು ಓಡಿ ಬಂದು ಬಾಗಿಲು ತೆಗೆದು ಬೆಣ್ಣೆ ಬಿಸ್ಕತ್ ಟ್ರೇ ಹೊರಗೆಳೆದ. ಕಿವಿ ಕೇಳದಿದ್ದರೂ ವಾಸನೆಯಲ್ಲೇ ಗೊತ್ತಾಗಿತ್ತು ಅವನಿಗೆ. ಇನ್ನು ಒಂದೇ ನಿಮಿಷ ಬಿಟ್ಟಿದ್ದರೆ ಅಂಚು ಕರಕಲು. ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಟೈಮರಿಗೆ ಒಂದು ಕೆಂಪು ಬಲ್ಬ್ ಸೇರಿಸಿದೆ. ಹೊತ್ತಾದರೆ ಬಲ್ಬ್ ಉರಿಯುತ್ತೆ. ಖರ್ಚು ಹೆಚ್ಚೇನೂ ಆಗಲಿಲ್ಲ. ಈಗ ಬೆಳಗಿನ ಬ್ರೆಡ್ಡು, ಬನ್ನು ಪೂರ್ತಿ ಅವನದೇ.

@ನೇರಮಾತು ಅವರೇ, ಬೆಲೆ ಬಗ್ಗೆ ಒಂದು ಮಾತು. ಕಲಿಸುತ್ತಾ ನಡೆಸುವ ಬೇಕರಿಯಲ್ಲಿ ಹಿಟ್ಟು ಹಾಳಾಗುತ್ತೆ, ಬೆಣ್ಣೆ ಹಾಳಾಗುತ್ತೆ, ಹೊತ್ತೂ ಹಿಡಿಯುತ್ತೆ. ಹೊಸಬನ ಕೈಯಲ್ಲಿ ಪಫ್ ಪದರ ಸರಿಯಾಗಿ ಬರಲು ತಿಂಗಳುಗಟ್ಟಲೆ ಬೇಕು. ಆ ಖರ್ಚು ಎಲ್ಲಿಂದ ಬರಬೇಕು ಹೇಳಿ? ಬೆಲೆಯಲ್ಲೇ ಬರಬೇಕು.

ನೇರಮಾತು:
@ಹಾಸನದ ಬೇಕರಿ ನಿಮ್ಮ ಮಾತು ಒಪ್ಪುತ್ತೇನೆ. ನೀವು ಕೆಲಸ ಕೊಟ್ಟಿದ್ದೀರಿ, ಬೋರ್ಡ್ ಹಾಕಿಕೊಂಡಿಲ್ಲ. ನನ್ನ ತಕರಾರು ಬೋರ್ಡ್ ಹಾಕಿಕೊಂಡು ವಿದೇಶಿ ಪ್ರವಾಸಿಗಳಿಂದ ದುಡ್ಡು ಎಳೆಯುವವರ ಬಗ್ಗೆ.

ಹಾಸನದ ಬೇಕರಿ:
ಬೋರ್ಡ್ ಹಾಕದಿದ್ದರೆ ಕಿವಿ ಕೇಳದ ಇನ್ನೊಬ್ಬ ಹುಡುಗನ ಅಪ್ಪನಿಗೆ ಇಲ್ಲಿ ಕೆಲಸ ಇದೆ ಅಂತ ಗೊತ್ತಾಗುವುದು ಹೇಗೆ ಸರ್?

ಹುಬ್ಬಳ್ಳಿ ಮಂದಿ:
ವಿಯೆಟ್ನಾಂ ತನಕ ಯಾಕೆ? ನಮ್ಮ ಹುಬ್ಬಳ್ಳಿಯಲ್ಲೇ ಇದೆಯಲ್ಲ, ಮಿಟ್ಟಿ ಕೆಫೆ. ಅಂಗವಿಕಲರೇ ನಡೆಸುತ್ತಾರೆ.

ಬೆಣ್ಣೆದೋಸೆ:
ಅದು ಬೆಂಗಳೂರಿನದಲ್ವಾ? ನಾನು ಏರ್‌ಪೋರ್ಟಿನಲ್ಲಿ ನೋಡಿದ್ದೇನೆ.

ಹುಬ್ಬಳ್ಳಿ ಮಂದಿ:
ಇಲ್ಲ ಅಣ್ಣಾ, ಹುಟ್ಟಿದ್ದೇ ಹುಬ್ಬಳ್ಳಿಯಲ್ಲಿ. 2017ರಲ್ಲಿ ಅಲೀನಾ ಆಲಂ ಅನ್ನುವವರು ವಿದ್ಯಾನಗರದ ಬಿವಿಬಿ ಕಾಲೇಜಿನ ಆವರಣದಲ್ಲಿ ಮೊದಲನೆಯದನ್ನು ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಆಮೇಲೆ ಬೆಂಗಳೂರಿನ ದೊಡ್ಡ ಕಂಪನಿಗಳ ಕ್ಯಾಂಪಸ್‌ಗೆ ಹೋಯಿತು, ಏರ್‌ಪೋರ್ಟಿಗೆ ಬಂತು. 2023ರ ನವೆಂಬರಿನಲ್ಲಿ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆಯಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಚಂದ್ರಚೂಡ್ ಅವರೇ ಉದ್ಘಾಟನೆ ಮಾಡಿದ್ದು. ನಮ್ಮೂರಿನಿಂದ ಹೋಗಿದ್ದು ಅಂತ ನಮಗೆ ಹೆಮ್ಮೆ ಇದೆ, ಅದಕ್ಕೇ ಇಷ್ಟು ಉದ್ದ ಬರೆದೆ.

ಅಲ್ಲಿ ಒಮ್ಮೆ ಟೀ ತಂದುಕೊಟ್ಟ ಹುಡುಗನಿಗೆ ಒಂದು ಕೈ ಸ್ವಾಧೀನ ಇರಲಿಲ್ಲ. ಟ್ರೇ ಎದೆಗೆ ಒತ್ತಿ ಹಿಡಿದು ಬಂದ. ನಾನು ಎದ್ದು ಟ್ರೇ ಹಿಡಿಯಲು ಹೋದೆ. "ಕೂತ್ಕೋರೀ ಸರ್, ಇದು ನನ್ನ ಕೆಲಸ" ಅಂದ. ಒಂದು ಹನಿಯೂ ಸಾಸರಿಗೆ ಚೆಲ್ಲಿರಲಿಲ್ಲ. ಅವತ್ತು ಕೂತವನು ಇವತ್ತಿಗೂ ಯಾರ ಟ್ರೇಗೂ ಕೈ ಹಾಕಿಲ್ಲ.

ಕಾಫಿತೋಟ:
ಟೀ ಬಗ್ಗೆಯೇ ಮಾತಾಡುತ್ತಿದ್ದೀರಿ. ಅಲ್ಲಿನ ಕಾಫಿ ಹೇಗಿತ್ತು ಹೇಳಿ ಮೇಡಂ. ನಾವು ಮೂಡಿಗೆರೆ ಕಡೆಯವರು, ವಿಯೆಟ್ನಾಂ ಅಂದರೆ ನಮಗೆ ಮೊದಲು ನೆನಪಾಗುವುದು ರೋಬಸ್ಟಾ ಜಾತಿಯ ಕಾಫಿಯ ರೇಟು.

ಶರಾವತಿ ತೀರ:
ಕುಡಿದೆವು ಸರ್. ಫಿನ್ ಅನ್ನುವ ಸಣ್ಣ ಫಿಲ್ಟರನ್ನು ಲೋಟದ ಮೇಲೇ ಕೂರಿಸಿ ಕೊಡುತ್ತಾರೆ. ತೊಟ್ಟು ತೊಟ್ಟಾಗಿ ಇಳಿಯುತ್ತೆ, ಕಾಯಬೇಕು. ತಳದಲ್ಲಿ ಗಟ್ಟಿ ಸಿಹಿ ಹಾಲು. ನಮ್ಮವರಿಗೆ ತುಂಬಾ ಇಷ್ಟವಾಯಿತು. ಅತ್ತೆಗೆ ಮಾತ್ರ "ಡಿಕಾಕ್ಷನ್ ಸರಿ ಇದೆ, ಹಾಲು ಸರಿ ಇಲ್ಲ".

ಕಾಫಿತೋಟ:
ನಮ್ಮ ಹಾಲಿನ ಕಾಫಿ ಕುಡಿದವರಿಗೆ ಹಾಗೇ ಅನಿಸುತ್ತೆ. ಅಲ್ಲಿನವರು ಬೆಳೆಯುವುದು ಬಹುಪಾಲು ರೋಬಸ್ಟಾ. ಕಹಿ ಜಾಸ್ತಿ, ಅದಕ್ಕೆ ಸಿಹಿ ಹಾಲು ಹೊಂದುತ್ತೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದೇ ಆದರೂ ಅವರ ಮುಂದೆ ನಾವು ಸಣ್ಣವರು. ಬರುವಾಗ ಒಂದು ಫಿನ್ ತನ್ನಿ, ನಮ್ಮ ಪೀಬರಿ ಪುಡಿ ಹಾಕಿ ನೋಡಿ. ಚಿಕೋರಿ ಬೆರೆಸಬೇಡಿ.

ಬೆಣ್ಣೆದೋಸೆ:
ಚಿಕೋರಿ ಇಲ್ಲದ ಕಾಫಿ ಕಾಫಿನಾ?

ಕಾಫಿತೋಟ:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಸಿಡ್ನಿ ಕನ್ನಡತಿ:
ಹನೋಯಿಗೆ ಹೋದರೆ ಕೋಟೋ ಅನ್ನುವ ಹೋಟೆಲ್ ತಪ್ಪಿಸಬೇಡಿ. ಸಾಹಿತ್ಯ ದೇವಾಲಯ ಅಂತ ಎಲ್ಲರೂ ನೋಡುವ ಜಾಗ ಇದೆಯಲ್ಲ, ವಾನ್ ಮಿಯೆವ್, ಅದರ ಹತ್ತಿರವೇ. ಒಂದು ತಿಳಿದುಕೋ, ಒಬ್ಬರಿಗೆ ಕಲಿಸು ಅನ್ನುವ ಅರ್ಥದ ಇಂಗ್ಲಿಷ್ ಮಾತನ್ನು ಚಿಕ್ಕದು ಮಾಡಿ ಇಟ್ಟ ಹೆಸರು. ಜಿಮ್ಮಿ ಫಾಮ್ ಅನ್ನುವವರು ಶುರು ಮಾಡಿದ್ದು. ಹುಟ್ಟಿದ್ದು ವಿಯೆಟ್ನಾಂನಲ್ಲಿ, ಬೆಳೆದಿದ್ದು ನಮ್ಮ ಸಿಡ್ನಿಯಲ್ಲಿ. ಟೂರ್ ಗೈಡ್ ಆಗಿ ಹೋದಾಗ ಬೀದಿಯಲ್ಲಿ ಬದುಕುವ ಮಕ್ಕಳನ್ನು ನೋಡಿದರು. ಊಟ ಹಾಕಿದರು, ದುಡ್ಡು ಕೊಟ್ಟರು. ಅದರಿಂದ ಏನೂ ಬದಲಾಗಲಿಲ್ಲ, ಮಕ್ಕಳಿಗೆ ಬೇಕಿದ್ದದ್ದು ಕೆಲಸ. 1999ರಲ್ಲಿ ಒಂದು ಸಣ್ಣ ಸ್ಯಾಂಡ್‌ವಿಚ್ ಅಂಗಡಿ ಹಾಕಿದರು.

ಈಗ ಎರಡು ವರ್ಷದ ತರಬೇತಿ. ಅಡುಗೆ, ಬಡಿಸುವುದು, ಇಂಗ್ಲಿಷ್, ಜೊತೆಗೆ ಇರಲು ಜಾಗ. ಕೊನೆಗೆ ಮೆಲ್ಬರ್ನಿನ ಬಾಕ್ಸ್ ಹಿಲ್ ಇನ್‌ಸ್ಟಿಟ್ಯೂಟ್ ಸರ್ಟಿಫಿಕೇಟ್ ಕೊಡುತ್ತೆ. ನಾನು ಹೋದಾಗ ಬಡಿಸಿದ ಹುಡುಗನ ಕೈ ನಡುಗುತ್ತಿತ್ತು, ಸೇರಿ ಮೂರೇ ವಾರವಂತೆ. ನೀರು ಹಾಕುವಾಗ ಮೇಜಿನ ಮೇಲೆ ಚೆಲ್ಲಿತು. ಅವನ ಹಿಂದೆ ನಿಂತಿದ್ದ ಹಿರಿಯ ಹುಡುಗಿ ಬಟ್ಟೆ ತಂದು ಅವನ ಕೈಗೇ ಕೊಟ್ಟಳು, ತಾನು ಒರೆಸಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ನೇರಮಾತು:
@ಸಿಡ್ನಿ ಕನ್ನಡತಿ ಇದು ನಿಜವಾದ ಕೆಲಸ. ಕಲಿತು ಹೊರಗೆ ಹೋಗುತ್ತಾರೆ, ಬೇರೆ ಕಡೆ ಕೆಲಸ ಸಿಗುತ್ತೆ. ಇಂಥದ್ದಕ್ಕೆ ನನ್ನ ವಿರೋಧವಿಲ್ಲ.

ಗಡಿ ದಾಟಿದವ:
ನೇರಮಾತು ಅವರ ಅನುಮಾನ ಪೂರ್ತಿ ತಪ್ಪಲ್ಲ. ನಾನು ಕಾಂಬೋಡಿಯಾದಲ್ಲಿ ಎರಡು ವರ್ಷ ಕೆಲಸದಲ್ಲಿದ್ದೆ. ಅಲ್ಲಿ ಟುಕ್‌ಟುಕ್‌ನವರು ದೇವಸ್ಥಾನ ತೋರಿಸಿದ ಹಾಗೆ ಅನಾಥಾಲಯ ತೋರಿಸುತ್ತಿದ್ದರು. ಹೋದರೆ ಮಕ್ಕಳು ಡಾನ್ಸ್ ಮಾಡುತ್ತಾರೆ, ನಾವು ದುಡ್ಡು ಹಾಕಬೇಕು. ಆಮೇಲೆ ಗೊತ್ತಾಗಿದ್ದು, ಅಲ್ಲಿನ ಅನಾಥಾಲಯಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಪ್ರವಾಸಿಗಳ ದುಡ್ಡು ಬಂದಷ್ಟೂ ಅನಾಥಾಲಯ ಹೆಚ್ಚಾದವು. ಮಕ್ಕಳು ನೋಡುವ ವಸ್ತುವಲ್ಲ ಅಂತ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ದೊಡ್ಡ ಪ್ರಚಾರವನ್ನೇ ಮಾಡಬೇಕಾಯಿತು. ಅದೇ ಸಂಸ್ಥೆ ಅಲ್ಲಿನ ರಾಜಧಾನಿ ನೊಮ್ ಪೆನ್‌ನಲ್ಲಿ ಹೋಟೆಲ್ ನಡೆಸಿ ಹುಡುಗರಿಗೆ ಕೆಲಸ ಕಲಿಸುತ್ತದೆ. ಅಲ್ಲಿ ಊಟ ಮಾಡಿ, ಅನಾಥಾಲಯಕ್ಕೆ ಹೋಗಬೇಡಿ. ನಾನು ಬಂದವರಿಗೆಲ್ಲ ಹೇಳುತ್ತಿದ್ದುದು ಇಷ್ಟೇ.

ಲೆಕ್ಕಪತ್ರ:
ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನುವ ಪ್ರಶ್ನೆಗೆ ನಾನು ಸಿಎ ಆಗಿ ಉತ್ತರ ಕೊಡುತ್ತೇನೆ, ನಮ್ಮ ದೇಶದ ಮಟ್ಟಿಗೆ. ಇಂಥ ಸಂಸ್ಥೆ ಹೆಚ್ಚಾಗಿ ಟ್ರಸ್ಟ್, ಸೊಸೈಟಿ, ಇಲ್ಲಾ ಸೆಕ್ಷನ್ 8 ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ ಕಂಪನಿ, ಈ ಮೂರರಲ್ಲಿ ಒಂದಾಗಿರುತ್ತೆ. ಸಾಮಾನ್ಯವಾಗಿ ಅವರ ವೆಬ್‌ಸೈಟಿನಲ್ಲಿ ವಾರ್ಷಿಕ ವರದಿ ಹಾಕಿರುತ್ತಾರೆ. ಅದರಲ್ಲಿ ಸಂಬಳದ ಸಾಲು ನೋಡಿ. ಕೆಲಸ ಕೊಡುವ ಸಂಸ್ಥೆ ಆದರೆ ಖರ್ಚಿನಲ್ಲಿ ಸಂಬಳವೇ ದೊಡ್ಡದಾಗಿರಬೇಕು. ಪ್ರಚಾರದ ಖರ್ಚೇ ದೊಡ್ಡದಾಗಿದ್ದರೆ ನಾಲ್ಕು ಪ್ರಶ್ನೆ ಕೇಳಿ.

ಇನ್ನೊಂದು ವಿಷಯ. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಕೆಫೆಯಲ್ಲಿ ಕಾಫಿ ಕುಡಿದ ಬಿಲ್ಲಿಗೆ ಸಿಗುವುದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಯಾರಾದರೂ ಒಬ್ಬರು ಆ ಬಿಲ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಅದು ಖರೀದಿ, ದಾನವಲ್ಲ. ದಾನ ಕೊಡುವುದಿದ್ದರೆ ಬೇರೆಯಾಗಿ ಕೊಟ್ಟು ರಸೀದಿ ತಗೊಳ್ಳಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೂ ವಿನಾಯಿತಿ ಇಲ್ಲ.

ಶರಾವತಿ ತೀರ:
"ಅದು ಖರೀದಿ, ದಾನವಲ್ಲ" ಅನ್ನುವ ಸಾಲನ್ನು ಅತ್ತೆಗೆ ಓದಿ ಹೇಳಿದೆ ಸರ್. ಎರಡು ಸಲ ಓದಿಸಿಕೊಂಡರು.

ಕಡಲ ಮಗಳು:
ಶರಾವತಿ ಅಕ್ಕಾ, ಮೊಟ್ಟೆ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯ್ರೆ! ನಾವು ಹೋದ ವರ್ಷ ಹೋಗಿದ್ದೆವು. "ಚಾಯ್" ಅಂದರೆ ಅಲ್ಲಿ ಸಸ್ಯಾಹಾರ, ನಮ್ಮ ಚಹಾ ಅಲ್ಲ. "ತೋಯ್ ಆನ್ ಚಾಯ್" ಅಂದರೆ ನಾನು ಸಸ್ಯಾಹಾರಿ ಅಂತ. ಫೋನಿನಲ್ಲಿ ಬರೆದೂ ಇಟ್ಟುಕೊಳ್ಳಿ, ನಮ್ಮ ಉಚ್ಚಾರ ಅವರಿಗೆ ಸುಲಭವಾಗಿ ಹಿಡಿಯುವುದಿಲ್ಲ. ಮೀನಿನ ಸಾಸ್ ತುಂಬಾ ಅಡುಗೆಗೆ ಹಾಕುತ್ತಾರೆ, ಅದು ಬೇಡ ಅಂತ ಬೇರೆಯಾಗಿ ಹೇಳಿ. ಚಾಂದ್ರಮಾನದ ಪಾಡ್ಯ, ಹುಣ್ಣಿಮೆ ದಿನ ಅಲ್ಲಿನ ಬೌದ್ಧರಲ್ಲಿ ತುಂಬಾ ಜನ ಮಾಂಸ ತಿನ್ನುವುದಿಲ್ಲ. ಆ ದಿನ ಸಿಕ್ಕರೆ ನಿಮಗೆ ಹಬ್ಬ.

ಹಾಸನದ ಬೇಕರಿ:
ಬೇಕರಿಯಲ್ಲಿ ಉದ್ದದ ಫ್ರೆಂಚ್ ಬ್ರೆಡ್ ತಗೊಳ್ಳಿ ಮೇಡಂ. ಅದಕ್ಕೆ ಸಾಮಾನ್ಯವಾಗಿ ಹಿಟ್ಟು, ನೀರು, ಉಪ್ಪು, ಈಸ್ಟ್, ಇಷ್ಟೇ. ಮೇಲೆ ಹೊಳೆಯುವ ಬನ್ನು, ಕ್ರೋಸಾನ್ ಕಂಡರೆ ಕೇಳಿ ತಗೊಳ್ಳಿ. ಹೊಳಪಿಗೆ ಮೊಟ್ಟೆ ಬಳಿಯುವುದು ರೂಢಿ.

ತುಂಗೆಯ ತಟ:
ಹುವೆಯಲ್ಲಿ ಲಾ ಬುಲಾಂಜರಿ ಫ್ರಾಂಸೇಸ್ ಅಂತ ಒಂದು ಬೇಕರಿ ಕೆಫೆ ಇದೆ. ಫ್ರಾನ್ಸಿನ ಒಂದು ಸಂಸ್ಥೆಯ ನೆರವಿನಿಂದ ನಡೆಯುತ್ತೆ, ಕಷ್ಟದಲ್ಲಿರುವ ಮನೆಯ ಹುಡುಗರಿಗೆ ಬ್ರೆಡ್ಡು, ಕೇಕು ಮಾಡಲು ಕಲಿಸುತ್ತಾರೆ. ಹನೋಯಿಯಲ್ಲಿ ಹೋವಾ ಸುವಾ ಅನ್ನುವ ಇಂಥದ್ದೇ ಶಾಲೆ ಇದೆ, ಅದನ್ನು 1990ರ ದಶಕದಲ್ಲಿ ಶುರು ಮಾಡಿದ್ದು ರಿಟೈರ್ ಆದ ಟೀಚರ್‌ಗಳು. ಹೋವಾ ಸುವಾ ಅಂದರೆ ಅಲ್ಲಿನ ಒಂದು ಹೂವಿನ ಹೆಸರು, ಹಾಲು ಹೂವು ಅಂತ. ನಿಮ್ಮ ಅತ್ತೆಗೆ ಈ ಸುದ್ದಿ ಇಷ್ಟವಾಗಬಹುದು.

ಗಡಿ ದಾಟಿದವ:
ಫೋಟೊ ವಿಡಿಯೊ ಬಗ್ಗೆ ಯಾರೂ ಹೇಳಲಿಲ್ಲ. ಕೇಳದೆ ತೆಗೆಯಬೇಡಿ.

ಶರಾವತಿ ತೀರ:
ನಮ್ಮವರು ಟೀ ಅಂಗಡಿಯಲ್ಲಿ ಒಂದು ವಿಡಿಯೊ ತೆಗೆದು ಸ್ಟೇಟಸ್‌ಗೆ ಹಾಕಿದ್ದರು. ಆ ಹುಡುಗಿಯ ಮುಖ ಕಾಣುತ್ತಿತ್ತು. ನಿಮ್ಮ ಮಾತು ಓದಿ ಈಗಲೇ ತೆಗೆಸಿದೆ. ಮರದ ತುಂಡಿನ ಫೋಟೊ ಮಾತ್ರ ಇಟ್ಟಿದ್ದಾರೆ.

ಪುಟ್ಟ ಪ್ರವಾಸಿ:
ಫೋಟೊ ತೆಗೆಯುವುದೇ ತಪ್ಪು ಅಂದರೆ ನಾನು ಒಪ್ಪಲ್ಲ. ಆಗ್ರಾದ ಶೀರೋಸ್ ಹ್ಯಾಂಗ್‌ಔಟ್‌ಗೆ ಹೋಗಿದ್ದೆ. ಆಸಿಡ್ ದಾಳಿಗೆ ಒಳಗಾದ ಹೆಣ್ಣುಮಕ್ಕಳು ನಡೆಸುವ ಕೆಫೆ, 2014ರ ಡಿಸೆಂಬರಿನಲ್ಲಿ ಶುರುವಾಗಿದ್ದು. ತಾಜ್‌ಮಹಲ್ ನೋಡಲು ಬಂದವರು ಹೋಗುತ್ತಾರೆ. ನಾವು ಹೋದಾಗ ಮೆನುವಿನಲ್ಲಿ ಬೆಲೆ ಇರಲಿಲ್ಲ, ನಮಗೆ ಸರಿ ಅನಿಸಿದಷ್ಟು ಕೊಡಬೇಕು. ಅಲ್ಲಿ ಒಬ್ಬರು ತಾವಾಗಿಯೇ "ಬನ್ನಿ, ಸೆಲ್ಫಿ ತೆಗೆಯೋಣ" ಅಂತ ಕರೆದರು. ಇಷ್ಟು ವರ್ಷ ಮುಖ ಮುಚ್ಚಿಕೊಂಡು ಓಡಾಡಿದೆ, ಈಗ ಮುಚ್ಚಲ್ಲ ಅಂದರು. ನನ್ನ ಹೆಂಡತಿ ಅವರ ಹೆಗಲ ಮೇಲೆ ಕೈ ಹಾಕಿ ನಿಂತ ಆ ಫೋಟೊ ನಮ್ಮ ಮನೆಯ ಹಾಲ್‌ನಲ್ಲಿದೆ.

ಗಡಿ ದಾಟಿದವ:
ಅವರೇ ಕರೆದರಲ್ಲ. ನಾನು ಹೇಳಿದ್ದೂ ಅದನ್ನೇ, ಕೇಳದೆ ತೆಗೆಯಬೇಡಿ ಅಂತ.

ಮೌನಮಾತು:
@ಶರಾವತಿ ತೀರ ನಿಮ್ಮ ಮಗಳಿಗೆ ಸೈನ್ ಭಾಷೆ, ಅಂದರೆ ಕಿವಿ ಕೇಳದವರು ಕೈಯಲ್ಲಿ ಆಡುವ ಭಾಷೆ, ಕಲಿಯಲು ಇಷ್ಟವಿದ್ದರೆ ಬಿಡಬೇಡಿ ಮೇಡಂ.

ಬೆಣ್ಣೆದೋಸೆ:
ಸೈನ್ ಭಾಷೆ ಪ್ರಪಂಚಕ್ಕೆಲ್ಲ ಒಂದೇ ಅಲ್ವಾ? ಅಲ್ಲಿ ಕಲಿತದ್ದು ಇಲ್ಲೂ ಆಗುತ್ತೆ.

ಮೌನಮಾತು:
ಇಲ್ಲ ಅಣ್ಣಾ, ದೇಶಕ್ಕೊಂದು ಇದೆ. ವಿಯೆಟ್ನಾಂ ಒಂದರಲ್ಲೇ ಹನೋಯಿಯದು ಬೇರೆ, ದಕ್ಷಿಣದ ಹೊ ಚಿ ಮಿನ್ ನಗರದ್ದು ಬೇರೆ. ನಮ್ಮದು ಇಂಡಿಯನ್ ಸೈನ್ ಲ್ಯಾಂಗ್ವೇಜ್. ದೆಹಲಿಯಲ್ಲಿ ಅದಕ್ಕಾಗಿಯೇ ಒಂದು ಸರ್ಕಾರಿ ಸಂಸ್ಥೆ ಇದೆ. ಅವರ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದ ಆಗಿದ್ದವು, ಎಲ್ಲ ವಿಡಿಯೊ, ಮೊಬೈಲಿನಲ್ಲೇ ನೋಡಬಹುದು. ಮಗಳಿಗೆ ಅದನ್ನು ತೋರಿಸಿ. ದಿನಕ್ಕೆ ಎರಡು ಪದ ಕಲಿತರೂ ಊರಿಗೆ ಬಂದಮೇಲೆ ನನ್ನ ತಂಗಿಯ ಜೊತೆ ವಿಡಿಯೊ ಕಾಲ್ ಮಾಡಿಸುತ್ತೇನೆ. ನಿಜವಾಗಿ ಹೇಳುತ್ತಿದ್ದೇನೆ. ಮಕ್ಕಳು ಕೈಯಲ್ಲಿ ಮಾತಾಡಿದರೆ ಅವಳಿಗೆ ತುಂಬಾ ಖುಷಿ.

ನೇರಮಾತು:
ಕೊನೆಗೂ ನನಗೊಂದು ಪ್ರಶ್ನೆ ಉಳಿದಿದೆ. ರುಚಿ ಚೆನ್ನಾಗಿಲ್ಲದಿದ್ದರೆ ಏನು ಮಾಡುತ್ತೀರಿ? ನನಗೆ ಒಂದು ಊರಿನಲ್ಲಿ ಇಂಥದ್ದೇ ಅಂಗಡಿಯಲ್ಲಿ ಹಳಸಿದ ಕೇಕ್ ಕೊಟ್ಟರು. ಒಳ್ಳೇ ಕೆಲಸ ಮಾಡುವವರು ಅಂತ ಸುಮ್ನೆ ತಿಂದು ಎದ್ದು ಬಂದೆ. ಆಮೇಲೆ ಎರಡು ದಿನ ಹೊಟ್ಟೆ ಕೆಟ್ಟಿತ್ತು. ಅವತ್ತಿನಿಂದಲೇ ನನಗೆ ಈ ಸಿಟ್ಟು.

ಹಾಸನದ ಬೇಕರಿ:
ಅಲ್ಲೇ ಹೇಳಬೇಕಿತ್ತು ಸರ್! ನಮ್ಮಲ್ಲೂ ಹೀಗೇ ಆಗುತ್ತಿತ್ತು. ಬನ್ನು ಗಟ್ಟಿಯಾದರೆ ಗಿರಾಕಿಗಳು ಅವನ ಮುಂದೆ ನಗುತ್ತಾ ತಗೊಂಡು, ಆಮೇಲೆ ನನಗೆ ಫೋನ್ ಮಾಡುತ್ತಿದ್ದರು. ಒಂದು ದಿನ ಅವನೇ ನನ್ನ ಮೇಲೆ ಸಿಟ್ಟಾದ. ಗಟ್ಟಿ ಬನ್ನನ್ನು ಮೇಜಿನ ಮೇಲೆ ಕುಟ್ಟಿ ತೋರಿಸಿ, ನನಗ್ಯಾಕೆ ಹೇಳಲಿಲ್ಲ ಅಂತ ಕೈಯಲ್ಲಿ ಕೇಳಿದ. ಅವತ್ತು ಈಸ್ಟ್ ಹಳೆಯದಾಗಿತ್ತು, ಅವನೇ ಕಂಡುಹಿಡಿದ. ಈಗ ಗಲ್ಲಾ ಪಕ್ಕ ಒಂದು ಸ್ಲೇಟ್ ಇಟ್ಟಿದ್ದೇನೆ. ಬನ್ನು ಸರಿ ಇಲ್ಲದಿದ್ದರೆ ಅದರ ಮೇಲೆ ಬರೆಯಬೇಕು. ಅವನು ಓದುತ್ತಾನೆ, ಒರೆಸುತ್ತಾನೆ, ಮರುದಿನ ಸರಿ ಮಾಡುತ್ತಾನೆ. ನೀವು ಹಳಸಿದ ಕೇಕ್ ತಿಂದು ಸುಮ್ಮನೆ ಬಂದಿರಿ, ಮರುದಿನ ಇನ್ನೊಬ್ಬರು ತಿಂದಿರುತ್ತಾರೆ.

ನೇರಮಾತು:
ಈ ದಿಕ್ಕಿನಿಂದ ನಾನು ಯೋಚನೆ ಮಾಡಿರಲಿಲ್ಲ. ಹಾಸನಕ್ಕೆ ಬಂದರೆ ನಿಮ್ಮ ಅಂಗಡಿಗೆ ಬರುತ್ತೇನೆ. ಸ್ಲೇಟ್ ರೆಡಿ ಇಟ್ಟಿರಿ.

ಹಾಸನದ ಬೇಕರಿ:
ಬನ್ನಿ ಬನ್ನಿ. ಬೆಳಗ್ಗೆ ಏಳಕ್ಕೆ ಬಂದರೆ ಬಿಸಿ ಬನ್ನು.

ಶರಾವತಿ ತೀರ:
ಹುವೆಯಿಂದ ಬರೆಯುತ್ತಿದ್ದೇನೆ. ಬೇಕರಿಗೆ ಹೋಗಿದ್ದೆವು. @ತುಂಗೆಯ ತಟ ಅವರಿಗೆ ತುಂಬಾ ಥ್ಯಾಂಕ್ಸ್. ಕೌಂಟರಿನಲ್ಲಿದ್ದ ಹುಡುಗನಿಗೆ ಹದಿನೆಂಟು ಇರಬಹುದು. ಇಕ್ಕಳದಲ್ಲಿ ಬ್ರೆಡ್ ಎತ್ತುವಾಗ ಒಡೆಯಬಾರದು ಅಂತ ಉಸಿರು ಬಿಗಿಹಿಡಿದು ಎತ್ತುತ್ತಿದ್ದ. ಅತ್ತೆ ಈ ಸಲ ಪಾಪ ಅನ್ನಲಿಲ್ಲ. ಎರಡು ಉದ್ದದ ಬ್ರೆಡ್ ತಗೊಂಡು, ಅಲ್ಲೇ ಒಂದರ ತುದಿ ಮುರಿದು ಬಾಯಿಗೆ ಹಾಕಿಕೊಂಡರು. ಹೊರಗಡೆ ಗರಿಗರಿ, ಒಳಗೆ ಮೆತ್ತಗೆ. ಮುರಿದ ಸದ್ದು ಮೂರು ಮೇಜಿನ ಆಚೆ ಕೇಳಿಸಿತು.

ಆಮೇಲೆ ನನ್ನ ಫೋನ್ ತಗೊಂಡು, ಅನುವಾದದ ಆ್ಯಪಿನಲ್ಲಿ ಒಂದು ಪ್ರಶ್ನೆ ಹಾಕಿಸಿದರು. ದುಡ್ಡು ಎಷ್ಟು ಅಂತಲ್ಲ, ಊರು ಯಾವುದು ಅಂತಲೂ ಅಲ್ಲ. "ನಿನಗೆ ಇದನ್ನು ಕಲಿಸಿದವರು ಯಾರು?" ಆ ಹುಡುಗ ಓದಿ, ಒಳಗೆ ಹೋಗಿ, ಬಿಳಿ ಏಪ್ರನ್ ಹಾಕಿದ್ದ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಕೈಯೆಲ್ಲ ಹಿಟ್ಟು. ಅತ್ತೆ ತಮ್ಮ ಎದೆ ಮುಟ್ಟಿಕೊಂಡು "ಟೀಚರ್" ಅಂದರು. ಅವರೂ ತಮ್ಮ ಎದೆ ಮುಟ್ಟಿಕೊಂಡು "ಟೀಚರ್" ಅಂದರು. ಅತ್ತೆಯ ಸೀರೆಗೆ ಹಿಟ್ಟು ಹತ್ತಿದೆ, ಒಗೆಯಲು ಕೊಡುತ್ತಿಲ್ಲ.

ತುಂಗೆಯ ತಟ:
ಓದಿ ಕಣ್ಣು ತುಂಬಿತು ಅಕ್ಕಾ.

ಹುಬ್ಬಳ್ಳಿ ಮಂದಿ:
ಅತ್ತೆಯವರನ್ನು ನಮ್ಮೂರಿಗೂ ಕರೆದುಕೊಂಡು ಬನ್ನಿ.

ಶರಾವತಿ ತೀರ:
ಬರುವ ತಿಂಗಳು ಧಾರವಾಡದಲ್ಲಿ ಮದುವೆ ಇದೆ. ಅತ್ತೆ ಈಗಲೇ ಕೇಳುತ್ತಿದ್ದಾರೆ, ಮಿಟ್ಟಿ ಕೆಫೆಗೆ ಸ್ಟೇಷನ್ನಿನಿಂದ ಎಷ್ಟು ದೂರ, ಅಲ್ಲಿ ಚಾ ಚೆನ್ನಾಗಿರುತ್ತಾ ಅಂತ.

ಹುಬ್ಬಳ್ಳಿ ಮಂದಿ:
ವಿದ್ಯಾನಗರ ಬಿವಿಬಿ ಅಂದರೆ ಯಾವ ಆಟೊದವರಾದರೂ ಬಿಡುತ್ತಾರೆ ಅಕ್ಕಾರ. ಕಾಲೇಜಿನ ಗೇಟಿನಲ್ಲಿ ಹೆಸರು ಬರೆಸಬೇಕಾಗಬಹುದು, ರಜಾ ದಿನ ಬಿಟ್ಟು ಬನ್ನಿ. ಚಾ ಹೇಗಿದೆ ಅಂತ ಅತ್ತೆಯವರೇ ಕುಡಿದು ಅಲ್ಲಿನವರಿಗೇ ಹೇಳಲಿ.